ಯಾಕೊಮಿನಿ ಮನೆಯ ಕೊನೆಯವಳು

"ಬದುಕಿರೋರ ಕಾಗದ ಎಲ್ಲಾ ಆಯ್ತು ಅತ್ತೆ. ಸತ್ತವನದ್ದು ಒಂದು ಬಾಕಿ."

ಸೊಸೆ ಮರೀಸಾ, ತಮ್ಮ ವಕೀಲೆ ಕೊಟ್ಟ ಪಟ್ಟಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಏಳು ತಿಂಗಳ ಹೊಟ್ಟೆಯನ್ನು ಹಿಡಿದುಕೊಂಡು ಕೂತಳು. ಮಾಟೆ ಚಹಾದ ಸೋರೆಬುರುಡೆಗೆ ಬಿಸಿನೀರು ಹೊಯ್ಯುತ್ತಿದ್ದ ಡೆಲ್ಮೀರಾಳ ಕೈ ಅಲ್ಲೇ ನಿಂತಿತು. ಆ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಅವಳ ಹಿರಿಮಗ ರೂಬೆನ್‌ನನ್ನು ಯಾರೂ ಸತ್ತವನು ಎಂದಿರಲಿಲ್ಲ. 'ದ್ವೀಪದಲ್ಲಿ ಉಳಿದವನು' ಎನ್ನುತ್ತಿದ್ದರು. ರೊಸಾರಿಯೊ ಊರಿನಲ್ಲಿ ಅಂಥ ಮನೆಗಳಲ್ಲೆಲ್ಲ ಹಾಗೆಯೇ ಅನ್ನುತ್ತಾರೆ.

ಎಂಬತ್ತೆರಡರಲ್ಲಿ ಹತ್ತೊಂಬತ್ತರ ಆ ಹುಡುಗನನ್ನು ಬ್ರಿಟಿಷರ ಮೇಲಿನ ಮಾಲ್ವಿನಾಸ್ ದ್ವೀಪದ ಯುದ್ಧಕ್ಕೆ ಕಳಿಸಿದ್ದರು. ಅವನು ಬರಲಿಲ್ಲ, ಅವನ ದೇಹವೂ ಬರಲಿಲ್ಲ. ಅಲ್ಲಿನ ಹೆಸರಿಲ್ಲದ ಸಮಾಧಿಗಳಲ್ಲಿ ಅವನದು ಯಾವುದೋ, ದೇವರೇ ಬಲ್ಲ. ನೋಂದಣಿ ಕಚೇರಿಯಲ್ಲಿ ಅವನ ಮರಣಪತ್ರ ಮಾತ್ರ ಇಪ್ಪತ್ತು ವರ್ಷದಿಂದ ಕಾದು ಕೂತಿತ್ತು. ಅದನ್ನು ತಂದರೆ ಮಗನನ್ನು ತನ್ನ ಕೈಯಾರೆ ಮಣ್ಣು ಮಾಡಿದ ಹಾಗೆ ಎಂದು ಡೆಲ್ಮೀರಾ ಆ ಬೀದಿಯಲ್ಲೇ ಕಾಲಿಡುತ್ತಿರಲಿಲ್ಲ. ಹೆತ್ತವಳಿಗೆ ಅಷ್ಟು ಹುಚ್ಚು ಇರಬಾರದೇ...

ಇಷ್ಟಕ್ಕೆಲ್ಲ ಕಾರಣ ಒಂದೇ ಅಕ್ಷರ. ಗಂಡ ಎಲಿಸಿಯೊನ ಅಜ್ಜ ಇಟಲಿಯಿಂದ ಹಡಗಿನಲ್ಲಿ ಬಂದಾಗ ಜಾಕೊಮಿನಿ ಆಗಿದ್ದ. ಅವನಿಗೆ ಮಗ ಹುಟ್ಟಿದಾಗ ನೋಂದಣಿ ಗುಮಾಸ್ತ ತನ್ನ ಕಿವಿಗೆ ಕೇಳಿದಂತೆ ಯಾಕೊಮಿನಿ ಎಂದು ಬರೆದ. ಓದು ಬಾರದ ಅಪ್ಪ ಹೆಬ್ಬೆಟ್ಟು ಒತ್ತಿದ. ಅಲ್ಲಿಂದಾಚೆ ಆ ಮನೆಯವರು ಹುಟ್ಟಿದ್ದು, ಮದುವೆಯಾಗಿದ್ದು, ಸತ್ತಿದ್ದು ಎಲ್ಲ ಯಾಕೊಮಿನಿಗಳಾಗಿಯೇ. ಈಗ ಅಜ್ಜನ ದೇಶ ಇವರನ್ನು ತನ್ನವರೆಂದು ಒಪ್ಪಬೇಕಾದರೆ ಎಲ್ಲ ಪತ್ರಗಳನ್ನೂ ನ್ಯಾಯಾಲಯದಲ್ಲಿ ತಿದ್ದಿಸಿ, ಸರಕಾರದ ಮುದ್ರೆ ಹಾಕಿಸಿ, ಇಟಾಲಿಯನ್‌ಗೆ ಅನುವಾದ ಮಾಡಿಸಬೇಕು. ತಿದ್ದುವುದಕ್ಕೆ ತೀರಿಹೋದ ಎಲಿಸಿಯೊನ ವಾರಸುದಾರರೆಲ್ಲ ಸಹಿ ಹಾಕಬೇಕು. ಸಹಿ ಹಾಕಲಾಗದವನು ಸತ್ತಿದ್ದಾನೆ ಎಂಬುದಕ್ಕೆ ಪತ್ರ ಕೊಡಬೇಕು.

"ಅದೊಂದು ನನ್ನ ಕೈಲಿ ಆಗಲ್ಲ," ಎಂದಳು ಡೆಲ್ಮೀರಾ.

"ಹಾಗಾದ್ರೆ ಸಹಿ ಹಾಕೋಕೆ ಅವರನ್ನೇ ಕರೀರಿ," ಎಂದಳು ಮರೀಸಾ. ಪಕ್ಕದಲ್ಲಿದ್ದ ಗಂಡನ ಕಡೆ ಕೈ ತೋರಿಸಿದಳು. "ಇವರು ದುಡೀತಿದ್ದ ಕಾರ್ಖಾನೆ ಮುಚ್ಚಿ ಎಂಟು ತಿಂಗಳಾಯ್ತು. ನಮ್ಮಣ್ಣ ಇಟಲಿಯ ತೋರಿನೊದಲ್ಲಿ ಕೆಲಸ ನೋಡಿಟ್ಟು ಕಾಯ್ತಿದಾನೆ. ಕಾಗದ ಇಲ್ದೆ ಹೋಗಿ ಕಳ್ಳರ ಥರ ಬಚ್ಚಿಟ್ಕೊಂಡು ಬದುಕೋಣ್ವಾ? ಇಲ್ಲದೇ ಇರೋ ಮಗನಿಗೋಸ್ಕರ ಇರೋ ಮಗನ ಬಾಯಿಗೆ ಮಣ್ಣು ಹಾಕ್ತೀರಲ್ಲ ಅತ್ತೆ."

"ಮರೀಸಾ, ಸಾಕು," ಎಂದ ಡಾರಿಯೊ. ಡೆಲ್ಮೀರಾಳ ಕಿರಿಮಗ ಅಷ್ಟು ಹೊತ್ತೂ ತಲೆ ತಗ್ಗಿಸಿಕೊಂಡೇ ಕೂತಿದ್ದ.

ಡೆಲ್ಮೀರಾ ಸೊಸೆಯ ಮೇಲೆ ಸಿಟ್ಟಾಗಲಿಲ್ಲ. ಮಗನ ಕಡೆ ತಿರುಗಿದಳು. "ಅಲ್ವೋ... ನೀವೆಲ್ಲ ಜಾಕೊಮಿನಿ ಆಗ್ಬಿಟ್ರೆ, ನಾಳೆ ಅವನು ಬಂದು ಯಾಕೊಮಿನಿ ಮನೆ ಎಲ್ಲಿ ಅಂತ ಕೇಳಿದ್ರೆ, ಹಂಗಂತ ಯಾರೂ ಇಲ್ಲಪ್ಪ ಅಂತಾರಲ್ಲೋ..."

"ಅಮ್ಮ, ಅವನು ಬರಲ್ಲ."

"ಗೊತ್ತು ಕಣೋ," ಎಂದಳು ತಾಯಿ. ಇಪ್ಪತ್ತು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಡಾರಿಯೊ ಅಲ್ಲಿ ಕೂರಲಾರದೆ ಎದ್ದು ಅಂಗಳಕ್ಕೆ ಹೋದ.

ಮರುದಿನ ಬೆಳಿಗ್ಗೆ ಅವಳು ಯಾರಿಗೂ ಹೇಳದೆ ನೋಂದಣಿ ಕಚೇರಿಗೆ ಹೋದಳು. ಮಗನ ಹೆಸರು ಹೇಳಿದಳು, ಹುಟ್ಟಿದ ದಿನ ಹೇಳಿದಳು. ಹತ್ತು ನಿಮಿಷದಲ್ಲಿ ಕಾಗದ ಕೈಗೆ ಬಂತು. ಇಷ್ಟು ವರ್ಷ ಹೆದರಿದ್ದು ಈ ಹತ್ತು ನಿಮಿಷಕ್ಕಾ ಎಂದು ಬಸ್ಸಿನಲ್ಲಿ ಒಬ್ಬಳೇ ಕೂತು ಅತ್ತಳು.

"ಇವನ ಹೆಸರನ್ನೂ ಅದೇ ತೀರ್ಪಿನಲ್ಲಿ ತಿದ್ದಿಸಿಬಿಡೋಣ," ಎಂದರು ವಕೀಲೆ, ಅವಳು ತಂದ ಮರಣಪತ್ರ ನೋಡಿ. "ಬೇರೆ ಖರ್ಚೇನೂ ಇಲ್ಲ."

"ಬೇಡಮ್ಮ. ದ್ವೀಪಕ್ಕೆ ಹೋಗಿದ್ದು ಯಾಕೊಮಿನಿ. ಅವನ ಹೆಸರು ಮುಟ್ಟಬೇಡಿ."

"ಸರಿ. ನಿಮಗೂ ಗಂಡನ ಕಡೆಯಿಂದ ಪೌರತ್ವ ಸಿಗುತ್ತೆ. ನೀವೂ ಮಕ್ಕಳ ಜೊತೆ ಹೋಗಬಹುದು."

ಡೆಲ್ಮೀರಾ ನೋಡೋಣ ಎಂದಳು. ಅತ್ತೆಯ ಅರ್ಜಿಯನ್ನು ಮರೀಸಾಳೇ ತುಂಬಿದಳು. ಸಹಿ ಮಾತ್ರ ಇಟಲಿಯ ದೂತಾವಾಸದ ಕಿಟಕಿಯೆದುರೇ ಹಾಕಬೇಕಿತ್ತು.

ತೀರ್ಪು ಬಂದಾಗ ಮರೀಸಾಳಿಗೆ ಹೆಣ್ಣುಮಗು ಹುಟ್ಟಿತ್ತು. ಅತ್ತೆ ಸೊಸೆ ಇಬ್ಬರೂ ಕಾಗದಗಳನ್ನು ಅನುವಾದಕಿಯ ಮನೆಗೆ ಒಯ್ದರು. ಆಕೆ ತಪ್ಪಿದೆಯೇ ಎಂದು ನೋಡಲು ಎಲ್ಲವನ್ನೂ ಇಟಾಲಿಯನ್‌ನಲ್ಲಿ ಗಟ್ಟಿಯಾಗಿ ಓದುತ್ತ ಹೋದಳು. ಎಲಿಸಿಯೊ ಜಾಕೊಮಿನಿ. ಡಾರಿಯೊ ಜಾಕೊಮಿನಿ. ಕೊನೆಗೆ, ಹಿರಿಯ ಮಗ ರೂಬೆನ್ ಯಾಕೊಮಿನಿ, ಅವಿವಾಹಿತ, ಮೃತ.

"ಇದೊಂದು ಹೆಸರು ಹೊಂದ್ತಿಲ್ವಲ್ಲ, ಟೈಪಿನ ತಪ್ಪೇ?" ಎಂದಳು ಅನುವಾದಕಿ.

"ತಪ್ಪಲ್ಲ," ಎಂದಳು ಮರೀಸಾ, ಅತ್ತೆ ಬಾಯಿ ತೆರೆಯುವ ಮೊದಲೇ. "ಅದು ಹಾಗೇ ಇರ್ಲಿ." ಹೊರಗೆ ಬಂದ ಮೇಲೆ ಮಗುವನ್ನು ಎದೆಗವಚಿಕೊಂಡು ಅತ್ತಳು. "ನಾನು ಆಡಬಾರದ್ದು ಆಡ್ಬಿಟ್ಟೆ ಅತ್ತೆ. ಆಗ ಇವಳು ಹುಟ್ಟಿರ್ಲಿಲ್ಲ, ನಂಗೆ ಗೊತ್ತಾಗ್ಲಿಲ್ಲ..."

"ಹಸಿದ ಹೊಟ್ಟೆ ಆಡಿದ ಮಾತು, ಬಿಡು," ಎಂದಳು ಡೆಲ್ಮೀರಾ.

ಮರುವರ್ಷ ದೂತಾವಾಸದಿಂದ ಕರೆ ಬಂತು. ನಾಲ್ವರೂ ಉದ್ದನೆಯ ಬೆಂಚಿನಲ್ಲಿ ಕೂತಿದ್ದರು.

"ಜಾಕೊಮಿನಿ," ಎಂದು ಕಿಟಕಿಯಾಚೆಯಿಂದ ಕೂಗಿದರು.

ಡಾರಿಯೊ ಎದ್ದ. ಮರೀಸಾ ಮಗುವನ್ನೆತ್ತಿಕೊಂಡು ಎದ್ದಳು. "ಏಳಿ ಅತ್ತೆ, ನಮ್ಮನ್ನೇ ಕರೀತಿರೋದು."

"ನಿಮ್ಮನ್ನ ಕಣಮ್ಮ. ಹೋಗಿ."

"ಅಂದ್ರೆ? ಅಮ್ಮ, ನಿನ್ನ ಸಹಿ ಇಲ್ಲೇ ಹಾಕ್ಬೇಕು," ಎಂದ ಡಾರಿಯೊ.

"ನಾನು ಹಾಕಲ್ಲಪ್ಪ. ನಿಂಗೆ ಹೆಂಡ್ತಿ ಇದಾಳೆ, ಮಗಳಿದಾಳೆ. ನಿಮ್ಮ ಹೆಸರಿಗೆ ಮೂರು ಜನ ಆಯ್ತು. ಅವನ ಹೆಸರಿಗೆ ಒಬ್ರಾದ್ರೂ ಇರ್ಬೇಕಲ್ಲ..."

ಕಿಟಕಿಯಿಂದ ಎರಡನೇ ಸಲ ಕರೆದರು. ಡಾರಿಯೊ ತಾಯಿಯ ಹಣೆಗೆ ಮುತ್ತಿಟ್ಟು, ಕಣ್ಣೊರೆಸಿಕೊಂಡು ನಡೆದ. ಮರೀಸಾ ಮಗುವಿನೊಡನೆ ಅವನ ಹಿಂದೆ ಹೋದಳು. ಡೆಲ್ಮೀರಾ ಯಾಕೊಮಿನಿ ಬೆಂಚು ಬಿಟ್ಟು ಏಳಲಿಲ್ಲ.