ನಂಬರು ಹೊತ್ತ ಹೊನ್ನೆಗಳು

ತನಗೆ ಬರಬೇಕಿದ್ದ ಮೇಲ್ವಿಚಾರಕನ ಕುರ್ಚಿಯಲ್ಲಿ ಬಂದು ಕೂತವನು ಕೆಟ್ಟವನಾಗಿದ್ದರೆ ಶಿವಮಲ್ಲುವಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಆದರೆ ಸುಧಾಕರ್ ಕೆಟ್ಟವನಲ್ಲ. ಮೈಸೂರಿನಿಂದ ಪದವಿಯ ಕಾಗದ ಹಿಡಿದು ಬಂದ ಮೊದಲ ದಿನವೇ, ‘ಕಾಡು ಗೊತ್ತಿರೋದು ನಿಮಗೆ, ನಾನು ಕಲೀಬೇಕು’ ಎಂದಿದ್ದ. ಊಟದ ಡಬ್ಬಿಯಲ್ಲಿ ಎರಡು ಚಪಾತಿ ಹೆಚ್ಚಿಗೆ ತರುತ್ತಿದ್ದ. ಬೇಕೆಂದೇ ತಂದದ್ದು ಗೊತ್ತಾಗದ ಹಾಗೆ ಹೊಟ್ಟೆ ತುಂಬಿತೆಂದು ಅವನ್ನು ಈ ಕಡೆಗೆ ಸರಿಸುತ್ತಿದ್ದ. ಆ ಚಪಾತಿ ಗಂಟಲಲ್ಲಿ ಇಳಿಯುವಾಗಲೆಲ್ಲ ಶಿವಮಲ್ಲು, ಈ ಸಂಸ್ಥೆಗಾಗಿ ತಾನು ಮುಳ್ಳು ತುಳಿದ ಐದು ವರ್ಷಗಳನ್ನು ನೆನೆದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದ.

ಚಾಮರಾಜನಗರದ ಆ ಸಂಸ್ಥೆಯ ಕೆಲಸ ಪುಣಜನೂರಿನ ಆಚೆ, ಕಾಡಿನಂಚಿನ ಒಂದು ಸಣ್ಣ ಊರಿನಲ್ಲಿ. ಊರಿನವರು ಪಕ್ಕದ ಕಾಡನ್ನು ಕಡಿಯದೆ ಕಾಯಬೇಕು. ನಿಂತ ಮರಗಳು ಒಳಗೆ ಹಿಡಿದಿಟ್ಟುಕೊಂಡ ಇಂಗಾಲಕ್ಕೆ ಪರದೇಶದ ಕಂಪನಿಯೊಂದು ಬೆಲೆ ಕೊಡುತ್ತದೆ. ಆ ದುಡ್ಡಿನಲ್ಲಿ ಊರಿಗೆ ನೀರಿನ ಟ್ಯಾಂಕು ಬರುತ್ತದೆ, ಹೆಂಗಸರು ಹಳ್ಳದಿಂದ ಕೊಡ ಹೊರುವುದು ತಪ್ಪುತ್ತದೆ. ಕಾಡು ನಿಂತಿದೆ ಎನ್ನುವುದಕ್ಕೆ ಸಾಕ್ಷಿಯಾಗಿ ಎರಡು ಸಾವಿರದ ಆರರ ಬೇಸಿಗೆಯಲ್ಲಿ ಅರವತ್ತು ಮರಗಳನ್ನು ಆರಿಸಿ, ಒಂದೊಂದಕ್ಕೂ ಅಲ್ಯೂಮಿನಿಯಂ ಬಿಲ್ಲೆಯ ನಂಬರು ಹೊಡೆದಿದ್ದರು. ಹೊಡೆದವನು ಶಿವಮಲ್ಲು. ಊರಿನವರ ಕಾಡು ಸಮಿತಿಯ ಸಭೆಯಲ್ಲಿ ಮೊದಲ ನಿಯಮ ಓದಿ ಹೇಳಿದವನೂ ಅವನೇ: ಈ ಕಾಡಿನ ಯಾವ ಮರಕ್ಕೂ ಯಾರೂ ಕತ್ತಿ ಸೋಕಿಸಕೂಡದು.

ಆ ಬೇಸಿಗೆಯಲ್ಲಿ ಹೊನ್ನೆ ಮರಕ್ಕೆ ಮೊಳೆ ಹೊಡೆದಾಗ, ಸೀಗೆಕಾಯಿ ಆರಿಸಲು ಬಂದಿದ್ದ ದೊಡ್ಡಮಾದಮ್ಮ ತಲೆಯ ಮೇಲಿನ ಗಂಟನ್ನು ಇಳಿಸಿ ಅಲ್ಲೇ ನಿಂತಿದ್ದಳು. ತೊಗಟೆಯಿಂದ ಕೆಂಪು ರಸ ಸುರಿಯುತ್ತಿತ್ತು.

‘ನೋಡ್ಲಾ ಮಗ, ನೆತ್ರ ಸುರಿಸ್ತದೆ. ಎಂಟು ದಿನ ಅಳ್ತದೆ ಕಣ್ಲಾ ಇದು, ಆಮೇಕೆ ಗಾಯ ಮಾಯ್ತದೆ. ಮತ್ತೆ ಒಂದು ಹನಿನೂ ಬುಡಾಕಿಲ್ಲ.’

ಮಕ್ಕಳಿಲ್ಲದ ಮುದುಕಿ ಆಕೆ. ಅವತ್ತಿನಿಂದ ಶಿವಮಲ್ಲು ಆ ಊರಿಗೆ ಹೋದಾಗಲೆಲ್ಲ ಆಕೆಯ ಮನೆಯ ಮುದ್ದೆ, ಬಸ್ಸಾರು ಅವನಿಗೆ ಕಾದಿರುತ್ತಿತ್ತು. ಅವನೂ ಅವಳನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದ.

ಹೆಂಡತಿ ಭವ್ಯ ಬಸುರಿಯಾದ ವರ್ಷವೇ ಸುಧಾಕರ್ ಬಂದ. ಗುಂಡ್ಲುಪೇಟೆಯಲ್ಲಿ ಒಂದು ಸಣ್ಣ ಮನೆ ಮಾಡಬೇಕು, ಹುಟ್ಟುವ ಮಗು ಬಾಡಿಗೆಯವರ ಮಗು ಎನಿಸಿಕೊಳ್ಳಬಾರದು ಎಂದು ಗಂಡಹೆಂಡಿರು ಆಡಿಕೊಂಡ ಮಾತೆಲ್ಲ ಆ ಕುರ್ಚಿಯ ಜೊತೆಗೆ ಹೋಯಿತು. ಸರಿಯಾಗಿ ಅದೇ ಹೊತ್ತಿಗೆ ತಾಳವಾಡಿ ಕಡೆಯ ಮರದ ವ್ಯಾಪಾರಿಯೊಬ್ಬ ಟೀ ಅಂಗಡಿಯಲ್ಲಿ ಅವನ ಪಕ್ಕ ಕೂತು ಹೊನ್ನೆಯ ಮಾತು ತೆಗೆದ.

ಶಿವಮಲ್ಲು ಅವಸರ ಮಾಡಲಿಲ್ಲ. ಒಂದು ತಿಂಗಳು ಕೂತು ಯೋಚಿಸಿದ. ಲಾರಿ ಹೋಗಬಲ್ಲ ಜಾಗದಲ್ಲಿ ದಪ್ಪ ಹೊನ್ನೆಗಳಿದ್ದದ್ದು ಐದೇ. ಕೆಳಗಿನ ಹಳ್ಳದ ಪಕ್ಕ, ಹಳೆಯ ಗಾಡಿ ಜಾಡಿನಲ್ಲಿ. ಅದು ಆನೆ ದಾಟುವ ಜಾಗ. ಊರಿನವರು ಆ ಕಡೆ ಕಾಲಿಡುವುದಿಲ್ಲ. ತೊಡಕೆಂದರೆ ಆ ಐದಕ್ಕೂ ನಂಬರು ಇತ್ತು. ಆದರೆ ನಂಬರು ಮರದ್ದಲ್ಲ, ಬಿಲ್ಲೆಯದು. ಮೇಲಿನ ಇಳಿಜಾರಿನಲ್ಲಿ, ಊರಿನ ಹತ್ತಿರ, ನಂಬರಿಲ್ಲದ ಹೊನ್ನೆಗಳು ಬೇಕಾದಷ್ಟಿದ್ದವು. ಅವನು ಟೇಪು ಹಿಡಿದು ಸುತ್ತಿ, ಅದೇ ಸುತ್ತಳತೆಯ ಐದನ್ನು ಹುಡುಕಿದ. ಎರಡು ವರ್ಷದ ಬೆಳವಣಿಗೆಗೆ ಎಷ್ಟು ಕೂಡಬೇಕೋ ಅಷ್ಟನ್ನೂ ಕೂಡಿಕೊಂಡ. ಯಾವ ಮರ ಎಲ್ಲಿದೆಯೆಂಬ ನಕ್ಷೆ ಬರೆದವನು ಅವನೇ, ಅದನ್ನು ಹೊಸದಾಗಿ ಬರೆದವನೂ ಅವನೇ. ಆ ಹಳ್ಳಕ್ಕೆ ಸುಧಾಕರ್ ಒಮ್ಮೆಯೂ ಇಳಿದಿರಲಿಲ್ಲ. ‘ಆನೆ ಐತೆ, ನೀವು ಬರಬೇಡಿ ಸಾರ್’ ಎಂದು ಶಿವಮಲ್ಲು ಕಾಳಜಿಯಿಂದ ತಡೆದಿದ್ದ. ಆಗ ಅದು ನಿಜವಾದ ಕಾಳಜಿಯೇ ಆಗಿತ್ತು.

ದೀಪಾವಳಿ ಕಳೆದ ಮೇಲೆ ಊರಿನವರಿಗೆಲ್ಲ ಚಾಮರಾಜನಗರದಲ್ಲಿ ಒಂದು ದಿನದ ತರಬೇತಿ ಇಡಬೇಕೆಂದು ಅವನೇ ಸೂಚಿಸಿದ. ಕಾಡು ಉಳಿಸುವುದು ಹೇಗೆ ಎಂಬುದೇ ವಿಷಯ. ಸುಧಾಕರ್ ಖುಷಿಯಿಂದ ಬಸ್ಸು ಗೊತ್ತು ಮಾಡಿದ, ಎಲ್ಲರಿಗೂ ಊಟ ಹೇಳಿದ. ಕಾವಲು ತಿರುಗುವ ಗಂಡಸರು, ಸೌದೆಗೆ ಹೋಗುವ ಹೆಂಗಸರು, ಎಲ್ಲರೂ ಬೆಳಗ್ಗೆಯೇ ಬಸ್ಸು ಹತ್ತಿದರು. ದೊಡ್ಡಮಾದಮ್ಮ ಹೊಸ ಸೀರೆ ಉಟ್ಟಿದ್ದಳು. ಕಿಟಕಿಯಿಂದ ತಲೆ ಹೊರಹಾಕಿ, ‘ನೀನೂ ಬಾರ್ಲಾ, ಬಿಸಿಲಾಗೆ ಒಬ್ನೆ ಏನ್ ಮಾಡೀಯೆ’ ಎಂದು ಕರೆದಳು. ಅಳತೆ ಕೆಲಸ ಉಳಿದಿದೆ ಅಂದ.

ವ್ಯಾಪಾರಿಯ ಆಳುಗಳು ಗರಗಸದ ಯಂತ್ರ ತಂದಿದ್ದರು. ಸಂಜೆ ನಾಲ್ಕರೊಳಗೆ ಐದೂ ಉರುಳಿ, ತುಂಡಾಗಿ, ಲಾರಿಯಲ್ಲಿ ನೀಲಗಿರಿ ಕಂಬಗಳ ಅಡಿಯಲ್ಲಿ ಮಲಗಿದವು. ಬುಡಗಳ ಮೇಲೆ ಲಂಟಾನದ ರಾಶಿ ಹಾಕಿಸಿದ. ಸಂಸ್ಥೆ ವರ್ಷವೆಲ್ಲ ಲಂಟಾನದ ಕಳೆ ಕೀಳಿಸಿ ಅಲ್ಲಲ್ಲಿ ಗುಡ್ಡೆ ಹಾಕುತ್ತಿದ್ದರಿಂದ ಇನ್ನೈದು ಗುಡ್ಡೆಗಳು ಯಾರ ಕಣ್ಣಿಗೂ ಕುಕ್ಕುವಂತಿರಲಿಲ್ಲ. ಬಿಲ್ಲೆಗಳನ್ನು ಹಳೆಯ ತುಕ್ಕು ಮೊಳೆಗಳಲ್ಲೇ ಹೊಸ ಮರಗಳಿಗೆ ಹೊಡೆದ. ನಂಬರಿನ ಮರಗಳ ಹಳದಿ ಬಣ್ಣದ ಪಟ್ಟಿಯನ್ನು ಪ್ರತಿ ವರ್ಷ ಹೊಸದಾಗಿ ಬಳಿಯುವುದು ಅವನ ಕೆಲಸವೇ, ಆ ವರ್ಷ ಅರವತ್ತಕ್ಕೂ ಬಳಿದ.

ಹೊನ್ನೆ ಅಳುತ್ತದೆಂಬುದನ್ನೂ ಅವನು ಮರೆತಿರಲಿಲ್ಲ. ಎಂಟು ದಿನ ಬಿಟ್ಟು, ಒದ್ದೆ ಗೋಣಿತಟ್ಟು ಹಿಡಿದು ಕೆಂಪು ಕಲೆ ಒರೆಸಲು ಹೋದ. ನೋಡಿದರೆ ಒರೆಸುವುದಕ್ಕೆ ಹೆಚ್ಚೇನೂ ಇರಲಿಲ್ಲ. ಮೊಳೆಯ ಕೆಳಗೆ ಒಂದು ತೆಳುವಾದ ಗೆರೆ, ಅಷ್ಟೆ. ಈ ಸಲ ರಸ ಕಡಿಮೆ, ಮಾದಪ್ಪ ಕಣ್ಣು ಬಿಟ್ಟ ಎಂದುಕೊಂಡು, ಆ ಗೆರೆಯನ್ನೂ ಒರೆಸಿ ಮಣ್ಣು ಸವರಿದ. ದೇವರ ಹೆಸರು ಬಾಯಿಗೆ ಬಂದದ್ದಕ್ಕೆ ನಾಚಿಕೆಯಾಯಿತು. ಗೋಣಿತಟ್ಟಿನ ಕೆಂಪು ಕೈಗೂ ಹತ್ತಿತ್ತು, ಹಳ್ಳದಲ್ಲಿ ತುಂಬ ಹೊತ್ತು ಉಜ್ಜಿದ.

ಜನವರಿಯಲ್ಲಿ ಗುಂಡ್ಲುಪೇಟೆಯ ತವರಿನಲ್ಲಿ ಭವ್ಯ ಹೆಣ್ಣು ಹೆತ್ತಳು. ಸುದ್ದಿ ಬಂದಾಗ ಬಸ್ಸಿರಲಿಲ್ಲ. ಸುಧಾಕರ್ ತನ್ನ ಬೈಕಿನ ಕೀಲಿ ಕೊಟ್ಟು, ಚಳಿಯೆಂದು ತನ್ನ ಸ್ವೆಟರನ್ನೂ ಕಳಚಿ ಕೊಟ್ಟ. ದಾರಿಯುದ್ದಕ್ಕೂ ಆ ಸ್ವೆಟರು ಮೈಯನ್ನು ಬೆಚ್ಚಗಿಡುವ ಬದಲು ಚುಚ್ಚುತ್ತಿತ್ತು. ವ್ಯಾಪಾರಿಯ ದುಡ್ಡಿನಲ್ಲಿ ಗುಂಡ್ಲುಪೇಟೆಯ ಸೈಟಿಗೆ ಮುಂಗಡ ಕೊಟ್ಟಾಗಿತ್ತು. ಮಗುವಿನ ಮುಷ್ಟಿ ಬಿಡಿಸಿ ನೋಡುವಾಗ, ಇಷ್ಟು ಸಣ್ಣ ಕೈಗೆ ಅಷ್ಟು ದಪ್ಪ ಮರಗಳು ಬೇಕಿದ್ದವೇ ಅನಿಸಿತು. ಆದದ್ದು ಆಗಿಹೋಯಿತು, ಊರಿಗೆ ನಷ್ಟವೇನಿಲ್ಲ, ಟ್ಯಾಂಕು ಹೇಗಿದ್ದರೂ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ನಿದ್ದೆ ದೂರವಾಯಿತು.

ಫೆಬ್ರವರಿಯಲ್ಲಿ ಕಂಪನಿಯ ಕಡೆಯಿಂದ ತಪಾಸಣೆಗೆ ಬಂದವರು ನಡುವಯಸ್ಸಿನ ಒಬ್ಬ ಹೆಂಗಸು. ದೆಹಲಿಯವರು, ಕನ್ನಡ ಬಾರದು. ಸುಧಾಕರ್ ಎರಡೂ ಕಡೆಗೆ ಮಾತು ದಾಟಿಸುತ್ತಿದ್ದ. ಅರವತ್ತು ಮರಗಳಿಗೂ ಆಕೆಯೇ ಟೇಪು ಹಿಡಿದರು. ಅರವತ್ತೂ ತಾಳೆಯಾದವು. ಕೊನೆಗೆ ಒಂದು ಕಾಗದದಲ್ಲಿ, ಎರಡು ಸಾವಿರದ ಆರರಿಂದ ಈಚೆಗೆ ಯಾವ ಬಿಲ್ಲೆಯನ್ನೂ ಕಿತ್ತಿಲ್ಲ, ಯಾವ ಮರಕ್ಕೂ ಹೊಸದಾಗಿ ಮೊಳೆ ಹೊಡೆದಿಲ್ಲ ಎಂದು ಶಿವಮಲ್ಲುವಿನಿಂದ ಸಹಿ ಹಾಕಿಸಿಕೊಂಡರು. ಅವನು ಒಂದೇ ಎಳೆತಕ್ಕೆ ಹೆಸರು ಗೀಚಿದ. ‘ನಿಮ್ಮಂಥವರು ಇರೋದ್ರಿಂದ ಕಾಡು ಉಳಿದಿದೆ ಅಂತಿದ್ದಾರೆ’ ಎಂದು ಸುಧಾಕರ್ ಹೇಳಿದಾಗ ಮಾತ್ರ ಅವನಿಗೆ ಮುಖ ಎತ್ತಲಾಗಲಿಲ್ಲ.

ಊಟ ದೊಡ್ಡಮಾದಮ್ಮನ ಜಗಲಿಯ ಮೇಲೆ. ಸಮಿತಿಯವರೆಲ್ಲ ಸೇರಿದ್ದರು. ಟ್ಯಾಂಕು ಎಲ್ಲಿ ಕೂರಿಸಬೇಕೆಂದು ಚಿಕ್ಕಮಲ್ಲಪ್ಪ ಆಗಲೇ ಜಗಳ ತೆಗೆದಿದ್ದ. ಅವನ ಮನೆ ಮುಂದೆಯೇ ಕೂರಿಸಿ, ಹೆಂಡತಿಗೆ ಹೆದರಿಯಾದರೂ ದಿನಾ ಸ್ನಾನ ಮಾಡಲಿ ಎಂದು ಹೆಂಗಸರು ನಗುತ್ತಿದ್ದರು. ಶಿವಮಲ್ಲುವೂ ನಕ್ಕ. ಮೂರು ತಿಂಗಳಲ್ಲಿ ಮೊದಲ ಸಲ ಅನ್ನ ರುಚಿಸಿತು.

ಎಲೆ ಎತ್ತಿದ ಮೇಲೆ ದೊಡ್ಡಮಾದಮ್ಮ ಒಳಗಿನಿಂದ ಒಂದು ತೆಂಗಿನ ಕರಟ ತಂದು ಅವನ ಅಂಗೈಯಲ್ಲಿಟ್ಟಳು. ತಳದಲ್ಲಿ ಕಪ್ಪಗೆ, ನುಣ್ಣಗೆ ಏನೋ ಒಣಗಿ ಹೆಪ್ಪುಗಟ್ಟಿತ್ತು. ತಪಾಸಣೆಗೆ ಬಂದಾಕೆ ಕುತೂಹಲದಿಂದ ಬಗ್ಗಿ ನೋಡಿ ಅದೇನೆಂದು ಕೇಳಿದರು. ದೊಡ್ಡಮಾದಮ್ಮ ಸುಧಾಕರನ ಕಡೆ ತಿರುಗಿದಳು.

‘ಹೊನ್ನೆ ಬೊಟ್ಟು ಕಣಪ್ಪ, ಇವ್ನ ಮಗೀಗೆ. ಒಂದು ತೊಟ್ಟು ನೀರು ಹಾಕಿ ತೇದು ಹಣೆಗಿಟ್ರೆ ದಿಷ್ಟಿ ತಾಕಾಕಿಲ್ಲ. ಕತ್ತಿ ಸೋಕಿಸ್ಬ್ಯಾಡಿ ಅಂತ ಇವ್ನೇ ಹೇಳವ್ನಲ್ಲ, ಅದ್ಕೆ ನಾನು ಯಾವ ಮರನೂ ಕೆತ್ತಿಲ್ಲ. ನಾವೆಲ್ಲ ಬಸ್ನಾಗೆ ಚಾಮ್ರಾಜ್‌ನಗ್ರಕ್ಕೆ ಓಗ್ಬಂದ್ವಲ್ಲ, ಅದ್ರ ಮಾರ್ನೆ ದಿನ ಸೀಗೆಕಾಯ್ಗೆ ಓದೆ. ಇವ್ನು ಐದು ಹೊನ್ನೆಗೆ ಹೊಸ್ದಾಗಿ ನಂಬರು ಹೊಡ್ದಿದ್ದ, ರಸ ಸುರೀತಿತ್ತು. ಸುಮ್ನೆ ಮಣ್ಣು ಪಾಲಾಗ್ತದಲ್ಲ ಅಂತ ಏಳು ದಿನ ಓಗಿ ಕರಟ ಹಿಡ್ದೆ.’

ಬಂದಾಕೆ ನಗುತ್ತ, ಅಜ್ಜಿ ಏನು ಹೇಳಿದರೆಂದು ತಿಳಿಯಲು ಸುಧಾಕರನ ಮುಖ ನೋಡಿದರು. ಸುಧಾಕರ್ ಮಾತು ದಾಟಿಸಲಿಲ್ಲ. ಅವನು ಮೊದಲು ಕರಟವನ್ನು, ಆಮೇಲೆ ಸಹಿಯ ಶಾಯಿ ಇನ್ನೂ ಹೊಸದಾಗಿದ್ದ ಆ ಕಾಗದವನ್ನು, ಕೊನೆಗೆ ಬಹಳ ನೋವಿನಿಂದ ಶಿವಮಲ್ಲುವನ್ನು ನೋಡಿದ. ಎಂಟನೆಯ ದಿನ ತನಗೆ ಒರೆಸಲು ಉಳಿದಿರದ ಆ ಕೆಂಪು, ಐದು ಮರಗಳದ್ದೂ ಒಂದು ಹನಿ ಚೆಲ್ಲದ ಹಾಗೆ, ಶಿವಮಲ್ಲುವಿನ ಅಂಗೈಯಲ್ಲಿತ್ತು. ದೊಡ್ಡಮಾದಮ್ಮ ಅವನ ಬೆರಳುಗಳನ್ನು ಒಂದೊಂದಾಗಿ ಕರಟದ ಸುತ್ತ ಮಡಚಿ, ‘ಭದ್ರವಾಗಿ ಇಟ್ಕೊ ಮಗ, ಬೀಳಿಸ್ಬುಟ್ಟೀಯೆ’ ಎಂದಳು.