ಕೋಸಿನ ರಸ ಕುಡಿಸಿದವರಾರು?

ಟಕ್... ಟಕ್... ಟಕ್!

ರಾತ್ರಿ ಒಂಬತ್ತೂವರೆ. ಐವಾನ್-ಎ-ಶಾಹಿ ಬಡಾವಣೆಯ ಬಾಡಿಗೆ ಕೋಣೆಯ ಬಾಗಿಲು ತೆರೆದ ಸೃಷ್ಟಿ ಬೆಚ್ಚಿದಳು. ಎದುರಿಗೆ ಅತುಲ! ಪ್ರಯೋಗಾಲಯದಲ್ಲಿ ಅವಳ ಪಕ್ಕದ ಮೇಜಿನವನು. ಎರಡು ವರ್ಷಗಳಿಂದ, ಅವಳಷ್ಟೇ ಬಲ್ಲಂತೆ, ಅವಳ ಮನಸ್ಸಿನಲ್ಲೂ ಇದ್ದವನು.

“ಕಮಲಾಪುರಕ್ಕ ನಡೀರಿ. ಈಗಿಂದೀಗ.”

“ಯಾಕ್ರೀ? ಅವ್ವಗ ಏನಾತು?”

ಅವನು ಅಂಗೈ ಬಿಚ್ಚಿದ. ಮಾತ್ರೆಯ ಮೂರು ಪಟ್ಟಿಗಳು... ಒಂದೂ ಒಡೆದಿರಲಿಲ್ಲ!

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಅವ್ವ ಅಂಬಮ್ಮ ದಿನವೂ ನುಂಗಲೇಬೇಕಾದ ಮಾತ್ರೆಗಳವು. ಕಮಲಾಪುರದವನೇ ಆದ ಅತುಲ ಊರಿಗೆ ಹೋದಾಗಲೆಲ್ಲ ಒಯ್ದು ಕೊಡುತ್ತಿದ್ದ.

ಅತುಲನ ಕಾರು ಊರು ದಾಟಿತು.

“ಮಾತ್ರಿ ಬಿಟ್ಟು ಮತ್ತೇನ್ ತಗೋತಾಳ?”

“ಕೋಸಿನ ಹಸಿ ರಸ. ದಿನಾ ಎರಡು ಗ್ಲಾಸ್.”

ಎಲೆಕೋಸಿನ ಸಾರಕ್ಕೆ ಸ್ತನ ಕ್ಯಾನ್ಸರ್ ಕಣಗಳ ಬೆಳವಣಿಗೆಯನ್ನು ತಡೆಯುವ ಶಕ್ತಿ ಇದೆಯೇ ಎಂಬುದು ಸೃಷ್ಟಿ-ಅತುಲರದೇ ಸಂಶೋಧನೆ! ಅದು ಅವ್ವನ ಅಡುಗೆಮನೆ ಹೊಕ್ಕಿದ್ದು ಹೇಗೆ?

ಮೊನ್ನೆಯಷ್ಟೇ ಸೂಪರ್ ಮಾರ್ಕೆಟ್ ಬೀದಿಯಲ್ಲಿ ಅತುಲ ಚೀಲದ ತುಂಬ ಎಲೆಕೋಸು ಕೊಳ್ಳುವುದನ್ನು ಅವಳು ಆಟೋದಿಂದ ಕಂಡಿದ್ದಳು.

“ಅವ್ವಗ ಇದನ್ನ ಹೇಳಿದವ್ರು ಯಾರ್ರೀ?”

ಅತುಲ ಸ್ಟೇರಿಂಗ್ ಬಿಗಿಹಿಡಿದ. “ನಾನೇ ಅಂತ ತಿಳ್ಕೋರಿ.”

‘ಇವನೇ... ನಾನು ನಂಬಿದವನೇ!’

“ಲ್ಯಾಬಿನ ಗಾಜಿನ ತಟ್ಟಿ ಬ್ಯಾರೆ, ಮನುಷ್ಯಾರ ಮೈ ಬ್ಯಾರೆ ಅಂತ ಗೊತ್ತಿಲ್ಲೇನ್ರೀ ನಿಮಗ? ನಾಳಿಂದ ನನ್ನ ಕಣ್ಣಿಗೆ ಬೀಳಬ್ಯಾಡ್ರಿ!”

ಅವನು ಕಮಲಾಪುರದ ಅವಳ ಮನೆಯ ಮುಂದೆ ಕಾರು ನಿಲ್ಲಿಸಿದ.

ಬಾಗಿಲು ತೆರೆದ ಅಂಬಮ್ಮ ಇಬ್ಬರನ್ನೂ ನೋಡಿ ಕಣ್ಣರಳಿಸಿದಳು. “ಈ ಹೊತ್ತಿನ್ಯಾಗ ಜೋಡಿಲೇ ಬಂದೀರಿ! ಲಗ್ನದ ಮಾತೇನು?”

“ಯವ್ವಾ, ಮೊದಲ ಮಾತ್ರಿ ನುಂಗು! ಕೋಸು ಪಲ್ಯಾ ಮಾಡಿ ಎಷ್ಟಾರ ತಿನ್ನು, ಆದ್ರ ಅದು ಮಾತ್ರಿ ಬದಲಿ ಅಲ್ಲ. ತಟ್ಟ್ಯಾಗ ಸತ್ತ ಕಣ ಮೈಯಾಗೂ ಸಾಯ್ತಾವಂತ ಇನ್ನೂ ಯಾರಿಗೂ ಗೊತ್ತಿಲ್ಲ...” ಸೃಷ್ಟಿ ಬಿಕ್ಕಿದಳು. “ನೀ ಹೋದ್ರ ನನಗ್ಯಾರದಾರ?”

ಮಗಳ ಕಣ್ಣೀರಿಗೆ ಅಂಬಮ್ಮ ಕರಗಿದಳು. ಮಾತ್ರೆ ಗಂಟಲಿಗಿಳಿಯಿತು.

“ಇನ್ನ ಈ ಅತುಲನ ಮಾತು ಕೇಳಬ್ಯಾಡ!”

“ಅಂವಗ್ಯಾಕ ಬೈತಿ? ಪಲ್ಯಕ್ಕಂತ ಸುಳ್ಳು ಹೇಳಿ ಕೋಸು ತರಿಸಿದಾಕಿ ನಾ. ಇವತ್ತ ಈ ಮಾತ್ರಿ ಕಂಡು ಅವನೇ ನನಗ ಬೈದು ಹೋದ. ಹೇಳಿದಾಕಿ ಬ್ಯಾರೆ... ಹೆಣ್ಮಗಳು. ಕೋಸಿನ ರಸಕ್ಕ ಕಣ ಎಲ್ಲಾ ಸತ್ತು ಅಂತ ಫೋನಿನ್ಯಾಗ ಕುಣಿದಾಡಿ ಹೇಳಿದ್ಲು. ಹೆಸರು ಹೇಳಂಗಿಲ್ಲ ನಾ. ಪಾಪ, ಅಳ್ತಾಳ.”

ಸೃಷ್ಟಿ ಅತುಲನತ್ತ ತಿರುಗಿದಳು. “ಯಾರನ್ನ ಉಳಸಾಕ ನೀವು ತಪ್ಪು ಹೊತ್ಕೊಂಡ್ರಿ?”

“ನಾ ಜೀವಾ ಇಟ್ಟಾಕಿನ್ನ.”

‘ಹಾಗಾದರೆ... ಇನ್ನೊಬ್ಬಳು ಇದ್ದಾಳೆ!’

“ಆಕಿ... ಯಾರ್ರೀ?”

ಅತುಲ ಮೆಲ್ಲನೆ ಅವಳ ಕೆನ್ನೆಯ ಕಣ್ಣೀರು ಒರೆಸಿದ.

“ಅವ್ವಗ ಹಂಗ ಫೋನ್ ಮಾಡಿದ್ದನ್ನ ತಾನ ಮರತಾಕಿ... ಸೃಷ್ಟಿ.”