ಆ ಎರಡು ಭಾನುವಾರ

ಗುಬ್ಬಿಯ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುವಾಗ ಸುಮನಾಗೆ ಎದುರು ಸಿಕ್ಕವನು ರೇಣುಕಾಪ್ರಸಾದ. ಮೂರು ದಿನದಿಂದ ಫೋನೆತ್ತದ ಮಹಾನುಭಾವ, ಇಸ್ತ್ರಿ ಮಾಡಿದ ನೀಲಿ ಶರ್ಟು ಹಾಕಿಕೊಂಡು, ಕಂಕುಳಲ್ಲಿ ಫೈಲಿಟ್ಟುಕೊಂಡು ನಿಂತಿದ್ದ.

"ಏನ್ ಮೇಷ್ಟ್ರೇ, ಬದುಕಿದೀರಾ?" ಎಂದು ಹುಬ್ಬು ಏರಿಸಿದಳು.

ಬೇರೆ ದಿನವಾಗಿದ್ದರೆ ಅವನು ತುಟಿಯ ಬಲತುದಿಯಲ್ಲಿ ಮಾತ್ರ ನಗುತ್ತಿದ್ದ. ಆ ಅರ್ಧ ನಗುವಿಗೇ ಇವಳು ಬಿದ್ದಿದ್ದು. ಇವತ್ತು ಆ ತುಟಿ ಒಣಗಿತ್ತು.

"ನೀನು ಇವತ್ತು ಬರಬಾರದಿತ್ತು ಸುಮನಾ."

"ಯಾಕೆ? ನಮ್ ಮತದಾರರ ವೇದಿಕೆ ಕೇಸಿದೆ. ಮೂವತ್ತೇಳು ಜನ ಹೆಂಗಸರ ಹೆಸರು ವೋಟರ್ ಲಿಸ್ಟಿಂದ ಹಾರಿಸವ್ರೆ. ವಾಪಸ್ ಸೇರಿಸಕ್ಕೆ ಇವತ್ತು ಐದು ಗಂಟೆಗೆ ಲಾಸ್ಟು."

"ಗೊತ್ತು," ಎಂದ ಅವನು. "ಹಾರಿಸಿದೋನು ನಾನೇ."

ಅಷ್ಟು ಹೇಳಿ ಒಳಗೆ ಹೋಗಿಬಿಟ್ಟ. ಸುಮನಾ ಮೆಟ್ಟಿಲ ಮೇಲೇ ನಿಂತಳು. ಅವನಿಗೆ ಗುಬ್ಬಿಯ ಸ್ಕೂಲಿನಲ್ಲಿ ಕೆಲಸ, ಜೊತೆಗೆ ಮನೆಮನೆಗೆ ಹೋಗಿ ಮತದಾರರ ಪಟ್ಟಿ ಪರಿಶೀಲಿಸುವ ಬಿಎಲ್‌ಓ ಡ್ಯೂಟಿ ಎಂಬುದು ಅವಳಿಗೆ ಗೊತ್ತಿತ್ತು. ತುಮಕೂರಿನ ಟ್ರೈನಿಂಗಿನಲ್ಲಿ ಬಿಎಲ್‌ಓಗಳಿಗೆ ಪಾಠ ಹೇಳಿದವಳೇ ಇವಳು. ಹಿಂದಿನ ಬೆಂಚಿನಲ್ಲಿ ಕೂತು, "ಮೇಡಂ, ಇನ್ನೊಂದ್ಸಲ ಹೇಳಿ" ಎಂದು ಅದೇ ಪ್ರಶ್ನೆ ನಾಲ್ಕು ಸಲ ಕೇಳಿದವನು ಅವನು. ಆದರೆ ಅವನ ಡ್ಯೂಟಿ ಯಾವ ಬೀದಿಗೆ ಎಂದು ಇವಳು ಒಂದು ದಿನವೂ ಕೇಳಿರಲಿಲ್ಲ. ಪ್ರೀತಿಸುವವರು ಕೇಳಬೇಕಾದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳುತ್ತಾರೆ.

ಒಳಗೆ ತಹಶೀಲ್ದಾರ್ ಗಂಗಾಂಬಿಕೆ ಮೇಡಂ ಎದುರು ವೇದಿಕೆಯ ಹಿರಿಯರಾದ ಪರಮಶಿವಯ್ಯನವರು ಆಗಲೇ ಕೂತಿದ್ದರು. ರಿಟೈರಾದ ಲೆಕ್ಚರರು, ಮಾತು ಖಾರ. ಯಾವ ಪಾರ್ಟಿಯವರು ಕೊಟ್ಟ ಕಾಫಿಯನ್ನೂ ಕುಡಿಯದ ಮನುಷ್ಯ. ವೇದಿಕೆಗೆ ಸೇರುವವರೂ ಅಷ್ಟೇ: ಯಾವ ಪಾರ್ಟಿಗೂ ಸೇರಿದವರಲ್ಲ, ಯಾರ ಮುಲಾಜಿಗೂ ಒಳಗಾಗುವವರಲ್ಲ ಎಂದು ಬರೆದು ಸೈನು ಹಾಕಬೇಕು. ಸುಮನಾಳೂ ಹಾಕಿದ್ದಳು. ಗೋಡೆಯ ಪಕ್ಕ ಹೆಸರು ಹಾರಿದ ಆ ಬೀದಿಯ ಹೆಂಗಸರು, ಅವರ ಮುಂದೆ ವಯಸ್ಸಾದ ರಂಗಮ್ಮ. ಎಲ್ಲರೂ ಕೊಬ್ಬರಿ ಶೆಡ್ಡಿನಲ್ಲಿ ಕೆಲಸ ಮಾಡುವವರು, ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು.

"ನಾವು ಬೆಳಗ್ಗೆ ಆರಕ್ಕೆ ಬೀಗ ಹಾಕ್ಕೊಂಡ್ ಹೋದ್ರೆ ಬರಾದು ರಾತ್ರಿಗೇಯ," ಎಂದರು ರಂಗಮ್ಮ. "ಬೀಗ ನೋಡಿ ಊರು ಬಿಟ್ಟವ್ರೆ ಅಂತ ಬರ್ಕಂಡ್ರೆ ಎಂಗವ್ವಾ? ನಲವತ್ತು ವರ್ಸದಿಂದ ವೋಟ್ ಹಾಕ್ತಾ ಇವ್ನಿ, ಒಂದ್ಸಲಾನೂ ತಪ್ಪಿಸಿಲ್ಲ."

ಪರಮಶಿವಯ್ಯನವರು ಬಿಎಲ್‌ಓ ರಿಜಿಸ್ಟರಿನ ಜೆರಾಕ್ಸನ್ನು ಮುಂದಿಟ್ಟರು. "ರೂಲ್ಸ್ ಪ್ರಕಾರ ಮೂರು ಸಲ ಮನೆಗೆ ಹೋಗ್ಬೇಕು. ಒಂದನೇ ಸಲ ಬುಧವಾರ, ಸರಿ, ಬೀಗ. ಎರಡನೇದು, ಮೂರನೇದು ಎರಡೂ ಭಾನುವಾರ, ಮತ್ತೆ ಬೀಗ ಅಂತ ಬರೆದವ್ರೆ. ಭಾನುವಾರ ಶೆಡ್ಡಿಗೆ ರಜೆ ಮೇಡಂ! ಬೀದಿಗೆ ಬೀದಿಯೇ ಮನೇಲಿತ್ತು."

ಸುಮನಾ ಆ ಹಾಳೆಯ ಮೇಲೆ ಬಗ್ಗಿ ತಾರೀಖು ನೋಡಿದಳು.

ಆ ಎರಡೂ ಭಾನುವಾರ ಅವನು ಕುಣಿಗಲ್ಲಿನಲ್ಲಿದ್ದ. ಇವಳ ಜೊತೆ. ತುಮಕೂರಿನಲ್ಲಿ ಇವಳ ಅಪ್ಪನನ್ನು ಅರಿಯದವರಿಲ್ಲ, ಗುಬ್ಬಿಯಲ್ಲಿ ಮೇಷ್ಟ್ರನ್ನು ಅರಿಯದವರಿಲ್ಲ. ಅದಕ್ಕೇ ಇಬ್ಬರೂ ಬೇರೆ ಬೇರೆ ಬಸ್ಸು ಹಿಡಿದು ಕುಣಿಗಲ್ ಕೆರೆ ಏರಿಗೆ ಹೋಗುತ್ತಿದ್ದರು. ಎರಡನೇ ಭಾನುವಾರ ಅವನು, "ಇವತ್ತು ಸ್ವಲ್ಪ ಮನೆ ವಿಸಿಟ್ ಬಾಕಿ ಇದೆ" ಎಂದಿದ್ದ. "ಮನೆಗಳೇನು ಓಡಿಹೋಗ್ತಾವಾ? ಬಾ ಸುಮ್ನೆ" ಎಂದಿದ್ದವಳು ಇವಳೇ. ಊರಿಗೆಲ್ಲ ಬುದ್ಧಿ ಹೇಳುವವಳು.

"ಪ್ರಸಾದ್, ಹೋಗಿದ್ರಾ?" ಎಂದರು ಗಂಗಾಂಬಿಕೆ ಮೇಡಂ.

"ಇಲ್ಲ ಮೇಡಂ. ಹೋಗದೇ ಬರೆದೆ. ತಪ್ಪು ನಂದೇ. ಇವರ ಹೆಸರು ಇವತ್ತೇ ಸೇರಿಸ್ಕೊಳ್ಳಿ, ನಾನು ಬರೆದುಕೊಡ್ತೀನಿ."

"ಆ ಎರಡು ದಿನ ಎಲ್ಲಿದ್ರಿ?"

ಅವನು ಫೈಲನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. ಸುಮನಾಳ ಕಡೆ ನೋಡಲೂ ಇಲ್ಲ. ನೋಡದಿರಲು ಪಡುತ್ತಿದ್ದ ಕಷ್ಟ ಅವನ ಕುತ್ತಿಗೆಯ ನರದಲ್ಲಿ ಕಾಣುತ್ತಿತ್ತು.

"ನಾನು ಹೇಳ್ಲಾ?" ಎಂದರು ಪರಮಶಿವಯ್ಯ. "ಯಾವುದೋ ಪಾರ್ಟಿ ಆಫೀಸಲ್ಲಿ ಕೂತಿದ್ರು. ಈ ಬೀದಿ ವೋಟು ತಮಗೆ ಬೀಳಲ್ಲ ಅಂತ ಯಾರೋ ಹೇಳಿ ತೆಗೆಸವ್ರೆ. ಅಲ್ಲ ಅನ್ನೋದಾದ್ರೆ ಬಾಯಿ ಬಿಡ್ಲಿ."

ಮೇಡಂ ಕನ್ನಡಕ ತೆಗೆದರು. "ನೋಡಿ ಪ್ರಸಾದ್. ಸೋಮಾರಿತನ ಬೇರೆ, ಬೇಕಂತ ಮಾಡೋದು ಬೇರೆ. ಮೊದಲನೇದಕ್ಕೆ ನೋಟಿಸು. ಎರಡನೇದಕ್ಕೆ ಸಸ್ಪೆನ್ಷನ್ನು, ಮೇಲೆ ಪೊಲೀಸ್ ಕೇಸು. ಎಲ್ಲಿದ್ರಿ?"

"ಹೇಳಕ್ಕಾಗಲ್ಲ ಮೇಡಂ."

ಮೇಡಂ ಪೆನ್ನು ತೆರೆದರು. ಸುಮನಾಗೆ ಅವನ ಮೇಲೆ ಕೆಟ್ಟ ಕೋಪ ಬಂತು. ಸುಳ್ಳು ಬರೆದದ್ದಕ್ಕೆ ಕೋಪ, ತನ್ನ ಮಾನ ಕಾಯುತ್ತೇನೆಂದು ಈ ರಂಗಮ್ಮನ ಎದುರು ಕಳ್ಳನ ಹಾಗೆ ನಿಂತದ್ದಕ್ಕೆ ಇನ್ನಷ್ಟು ಕೋಪ. ತಾನು ಬಾಯಿ ಬಿಟ್ಟರೆ ತುಮಕೂರಿನ ಉಪ್ಪಾರಹಳ್ಳಿಯ ತನ್ನ ಮನೆಗೆ ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ. ಆರು ವರ್ಷ ದುಡಿದ ವೇದಿಕೆಯಲ್ಲಿ ತಲೆಯೆತ್ತಿ ಕೂರುವಂತಿರುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ? ಅವನು ಜೈಲಿಗೆ, ಇವಳು ಮನೆಗೆ.

"ನನ್ ಜೊತೆ ಇದ್ರು ಮೇಡಂ," ಎಂದಳು.

ಮೇಡಂ ಪೆನ್ನು ಕೆಳಗಿಟ್ಟು ಅವಳ ಕಡೆ ತಿರುಗಿದರು.

"ಎರಡೂ ಭಾನುವಾರ, ಬೆಳಗ್ಗೆ ಹನ್ನೊಂದರಿಂದ ಸಂಜೆವರೆಗೂ, ಕುಣಿಗಲ್ ಕೆರೆ ಹತ್ರ. ಬಸ್ ಟಿಕೆಟ್ಟಿಗೆ ದುಡ್ಡು ಕಟ್ಟಿದ ಮೆಸೇಜು, ಫೋಟೋ ಎಲ್ಲ ಇದಾವೆ. ಯಾವ ಪಾರ್ಟಿಯೂ ಇದರಲ್ಲಿ ಇಲ್ಲ. ಅವರಿಗೆ ಕೆಲಸ ಇದೆ ಅಂತ ಗೊತ್ತಿದ್ದೂ ಕರೆದೋಳು ನಾನು. ಇದನ್ನೆಲ್ಲ ಬರೆದು ಸೈನ್ ಹಾಕ್ತೀನಿ."

ಪರಮಶಿವಯ್ಯನವರ ಮುಖ ಕಪ್ಪಿಟ್ಟಿತು. "ಸುಮನಾ, ನೀನೇನಮ್ಮಾ ಹಿಂಗೆ..."

"ಸಾರ್, ಈ ಕೇಸಲ್ಲಿ ನಾನು ಕೂರೋದು ತಪ್ಪು. ವೇದಿಕೆಯಿಂದ ಇವತ್ತೇ ಹೊರಗೆ ಬರ್ತೀನಿ. ಆದ್ರೆ ನಿಜ ಇದೇ."

ಗೋಡೆ ಪಕ್ಕದ ಹೆಂಗಸರು ಸೆರಗು ಬಾಯಿಗಿಟ್ಟು ಒಬ್ಬರನ್ನೊಬ್ಬರು ನೋಡಿದರು. ರಂಗಮ್ಮ ಮಾತ್ರ ನೆಟ್ಟಗೆ ಸುಮನಾಳ ಮುಂದೆ ಬಂದು ನಿಂತರು.

"ನೀವು ಕೆರೆ ನೋಡಕ್ ಹೋದ್ರಿ, ನಮ್ ಹೆಸ್ರು ಹೊಂಟೋಯ್ತು. ಅಲ್ವೇನವ್ವಾ?"

"ಹೌದು ಅಜ್ಜಿ." ಸುಮನಾಳ ಕಣ್ಣು ತುಂಬಿತು.

"ಬುಡು. ಈಗ ಅಳ್ತಾ ಕೂತ್ರೆ ಐದಾಗೋಯ್ತದೆ. ನಮಗೆ ಬರೆಯಕ್ ಬರಕ್ಕಿಲ್ಲ. ಕೂತು ಅರ್ಜಿ ಬರಿ. ಮೇಷ್ಟ್ರೇ, ನೀವೂವೆ."

ಮೇಡಂ ಏನನ್ನೋ ಬರೆದು ಸೀಲು ಒತ್ತಿದರು. ಪೊಲೀಸ್ ಕೇಸಿಲ್ಲ. ಕರ್ತವ್ಯಲೋಪಕ್ಕೆ ನೋಟಿಸು, ಬಿಎಲ್‌ಓ ಕೆಲಸದಿಂದ ವಜಾ, ಇಲಾಖೆಗೆ ರಿಪೋರ್ಟು. ಅಳೆದು ತೂಗಿ ಕೊಟ್ಟ ಶಿಕ್ಷೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ.

ಇಬ್ಬರೂ ವರಾಂಡದ ಬೆಂಚಿನ ಎರಡು ತುದಿಗೆ ಕೂತು ಬರೆದರು. ಹೆಂಗಸರ ಆಧಾರ್ ಕಾರ್ಡು ಕೈಯಿಂದ ಕೈಗೆ ದಾಟುವಾಗ ಬೆರಳಿಗೆ ಬೆರಳು ತಾಗಿತು, ಇಬ್ಬರೂ ತಲೆಯೆತ್ತಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ಮೂವತ್ತೇಳನೇ ಅರ್ಜಿ ಒಳಗೆ ಹೋಯಿತು. ರಂಗಮ್ಮ ರಸೀದಿಯನ್ನು ಮಡಿಸಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು, ತಿರುಗಿ ನೋಡದೆ ಹೊರಟರು.

ಆಗ ಅವನು ಬಾಯಿಬಿಟ್ಟ. "ಯಾಕೆ ಹೇಳ್ದೆ? ನಾನು ಹೆಂಗೋ ತಡ್ಕೊಳ್ತಿದ್ದೆ."

"ನಿನ್ನ ಉಳ್ಸಕ್ಕೆ ಹೇಳ್ಲಿಲ್ಲ. ನಿಜ ಅಂತ ಹೇಳ್ದೆ. ನೀನು ಸುಳ್ಳು ಬರೆದಿದ್ದು ನಂಗೆ ಇನ್ನೂ ನುಂಗಕ್ಕಾಗ್ತಿಲ್ಲ ಪ್ರಸಾದ್."

"ನಂಗೂ. ಮೂರು ದಿನದಿಂದ ನಿನ್ ಫೋನ್ ಎತ್ತಕ್ಕೆ ಮುಖ ಇರ್ಲಿಲ್ಲ." ಅವನು ಪೆನ್ನಿನ ಮುಚ್ಚಳ ಹಾಕಿದ. "ಇನ್ನು ನಾನು ಬೇಡ ಅನ್ಸಿದ್ರೆ ಹೇಳ್ಬಿಡು."

ಅವಳು ಅವನನ್ನು ಪೂರ್ತಿ ನೋಡಿದಳು. ಇಂಕಿನ ಬೆರಳು, ಬೆವರಿಗೆ ಮುದುರಿದ ಕಾಲರು, ಎತ್ತಲಾಗದ ಕಣ್ಣು. ಬೇಡ ಅನ್ನಿಸಲಿಲ್ಲ. ಎಷ್ಟು ಹುಡುಕಿದರೂ ಅನ್ನಿಸಲಿಲ್ಲ.

"ಪ್ರೀತಿಸ್ತೀನಿ ಕಣೋ," ಎಂದಳು, ಬೈಯುವ ದನಿಯಲ್ಲೇ. "ಇನ್ನು ಕದ್ದು ಮಾತ್ರ ಆಗಲ್ಲ."

ಫೋನು ತೆಗೆದು ಅಪ್ಪನ ನಂಬರು ಒತ್ತಿದಳು. ಅವನು ಗಾಬರಿಯಿಂದ ಎದ್ದು ನಿಂತ.

"ಅಪ್ಪಾ, ಗುಬ್ಬಿಯಿಂದ ನಿಂಗೊಂದು ಸುದ್ದಿ ಬರುತ್ತೆ. ಬೇರೆಯವರ ಬಾಯಲ್ಲಿ ಕೇಳೋ ಮುಂಚೆ ನಮ್ ಬಾಯಲ್ಲೇ ಕೇಳು." ಫೋನನ್ನು ಅವನ ಕೈಗಿಟ್ಟಳು. "ಹೇಳು. ಒಂದನ್ನೂ ಬಿಡ್ದಂಗೆ ಹೇಳು."

ಅವನು ಫೋನನ್ನು ಕಿವಿಗಿಟ್ಟುಕೊಂಡ. ಆಚೆಯಿಂದ, "ಯಾರಪ್ಪಾ ನೀನು?" ಎಂಬ ಗಡಸು ದನಿ ಅವಳಿಗೂ ಕೇಳಿಸಿತು.

"ನಮಸ್ಕಾರ ಸಾರ್. ನಾನು ರೇಣುಕಾಪ್ರಸಾದ್. ಇವತ್ತು ನಂಗೆ ಒಂದು ನೋಟಿಸು ಬಂದಿದೆ, ಮೊದ್ಲು ಅದನ್ನ ಹೇಳ್ತೀನಿ," ಎಂದ. "ಆಮೇಲೆ ನಿಮ್ಮ ಮಗಳನ್ನ ಕೊಡಿ ಅಂತ ಕೇಳ್ತೀನಿ."